ಪರಮಶಿವಯ್ಯನವರ ನಲವತ್ತೆಂಟು

ಗಂಡ ತಿಪಟೂರಿನಿಂದ ಮನೆಗೆ ಬರುವ ಮೊದಲೇ ಅವನ ನಂಬರು ಹೊನ್ನವಳ್ಳಿ ಮುಟ್ಟಿತ್ತು. ಮೀನಾಕ್ಷಮ್ಮ ಹಿತ್ತಿಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಪಕ್ಕದ ಮನೆಯ ರಾಮಕ್ಕ ಬೇಲಿಯ ಮೇಲಿಂದ ಕತ್ತು ಚಾಚಿ, "ನಿಮ್ಮೋರಿಗೆ ನಲವತ್ತೆಂಟು ಬಂದೈತಂತೆ ಕಣೇ. ಬಸ್ಸಲ್ಲಿ ಬಂದೋರು ಹೇಳಿದ್ರು" ಎಂದಳು.

"ಏನು ನಲವತ್ತೆಂಟು?"

"ಅದೇನೋ ರಕ್ತದಲ್ಲಿ ಇರೋದಂತೆ. ಗಂಡಸ್ತನದ್ದು. ಮಾಮೂಲಿ ಗಂಡಸ್ರಿಗೆ ಹದಿನೈದೇ ಅಂತೆ."

ಪರಮಶಿವಯ್ಯ ಮಧ್ಯಾಹ್ನದ ಬಸ್ಸಿಗೆ ಬಂದ. ಬಸ್ಸು ನಿಲ್ಲುವ ಜಾಗದಿಂದ ಮನೆಗೆ ಐದು ನಿಮಿಷದ ದಾರಿ; ಅವತ್ತು ಅದಕ್ಕೆ ಒಂದು ಗಂಟೆ ಹಿಡಿಯಿತು. ಹೋಟೆಲಿನ ಮುಂದೆ ನಿಂತ, ಸೊಸೈಟಿಯ ಜಗಲಿಯ ಮೇಲೆ ಕೂತ, ಕ್ಷೌರದ ಅಂಗಡಿಯವನು ಕೈಯಲ್ಲಿ ಕತ್ತಿ ಹಿಡಿದೇ ಹೊರಗೆ ಬಂದು ಕೇಳಿದಾಗ ಅವನಿಗೂ ಹೇಳಿದ. ಮನೆಗೆ ಬಂದಾಗ ಮುಖ ಬೆವರಿತ್ತು, ಆದರೆ ಆಯಾಸ ಕಾಣಲಿಲ್ಲ. ಜೇಬಿನಿಂದ ಎರಡು ಕಾಗದ ತೆಗೆದು ಒಂದನ್ನು ತಾನಿಟ್ಟುಕೊಂಡು, ಇನ್ನೊಂದನ್ನು ಹೆಂಡತಿಯ ಮುಂದೆ ಹಿಡಿದ.

"ನಿಂದು ಹದಿನಾಲ್ಕು" ಎಂದ. ಬೈಯುವ ದನಿಯಲ್ಲ, ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ತಲೆ ಸವರುವ ದನಿ.

ಮದುವೆಯಾಗಿ ಹನ್ನೆರಡು ವರ್ಷ ಕಳೆದಿದ್ದವು. ಮಕ್ಕಳಾಗದ ಕಾಯಿಲೆ ಮೀನಾಕ್ಷಮ್ಮನೊಬ್ಬಳದೇ ಎಂದು ಆ ಮನೆಯಲ್ಲಿ ಮೊದಲಿನಿಂದಲೂ ತೀರ್ಮಾನವಾಗಿತ್ತು. ಯಾರೂ ಕೂತು ಮಾಡಿದ ತೀರ್ಮಾನವಲ್ಲ. ಬೆಳಗಾದರೆ ಹಸು ಕರೆಯಬೇಕೆಂದು ಯಾರಾದರೂ ತೀರ್ಮಾನ ಮಾಡುತ್ತಾರೆಯೇ? ಅತ್ತೆ ಸಿದ್ದಗಂಗಮ್ಮ ಎಲ್ಲೆಲ್ಲಿಂದಲೋ ಔಷಧಿ ಕೇಳಿಕೊಂಡು ಬರುತ್ತಿದ್ದರು. ಅಶೋಕದ ತೊಗಟೆಯ ಕಷಾಯವಾಯಿತು, ಆಲದ ಚಿಗುರು ಅರೆದದ್ದಾಯಿತು, ಯಾರೋ ಚಿಕ್ಕನಾಯಕನಹಳ್ಳಿಯವರು ಹೇಳಿದರೆಂದು ಒಂದು ವರ್ಷ ಉಪ್ಪಿಲ್ಲದ ಊಟವೂ ಆಯಿತು. ಎಲ್ಲವೂ ಮೀನಾಕ್ಷಮ್ಮನ ಬಾಯಿಗೆ. ಇಷ್ಟು ವರ್ಷಗಳಲ್ಲಿ ಪರಮಶಿವಯ್ಯ ಮಾಡಿಸಿಕೊಂಡ ಚಿಕಿತ್ಸೆ ಎಂದರೆ ಆ ಔಷಧಿಗಳನ್ನು ತರಲು ಸೈಕಲ್ ತುಳಿದದ್ದು.

ಅವನು ಕೆಟ್ಟವನಲ್ಲ. ನಾನೂರು ತೆಂಗಿನ ಮರದ ತೋಟವನ್ನು ಮಕ್ಕಳಂತೆ ನೋಡಿಕೊಳ್ಳುತ್ತಿದ್ದ. ಹೆಂಡತಿಯ ಮೇಲೆ ಎಂದೂ ಕೈ ಎತ್ತಿದವನಲ್ಲ, ಜೋರಾಗಿ ಬೈದವನೂ ಅಲ್ಲ. ತನ್ನಲ್ಲಿ ಏನಾದರೂ ಊನ ಇರಬಹುದು ಎಂಬ ಯೋಚನೆ ಅವನ ತಲೆಯ ಹತ್ತಿರ ಸುಳಿದಿರಲಿಲ್ಲ, ಅಷ್ಟೆ.

ಈ ನಂಬರು ಬರುವುದಕ್ಕೆ ಸ್ವಲ್ಪ ಮುಂಚೆ, ಎಂಬತ್ತೈದನೇ ಇಸವಿಯಲ್ಲಿ, ತಿಪಟೂರಿಗೆ ವಾಸಂತಿ ಎಂಬ ಹೊಸ ಲೇಡಿ ಡಾಕ್ಟರು ಬಂದು ನರ್ಸಿಂಗ್ ಹೋಮು ತೆರೆದರು. ಮೀನಾಕ್ಷಮ್ಮ ಗಂಡನ ಜೊತೆ ಹೋದಳು. ಡಾಕ್ಟರು ಅವಳನ್ನು ಪರೀಕ್ಷೆ ಮಾಡಿ, ಆಮೇಲೆ ಪರಮಶಿವಯ್ಯನ ಕಡೆ ತಿರುಗಿ, ಅವನದೂ ಒಂದು ಪರೀಕ್ಷೆ ಆಗಬೇಕು, ಮೊದಲು ವೀರ್ಯ ನೋಡಬೇಕು ಎಂದರು. ಹೆಂಗಸೊಬ್ಬಳ ಬಾಯಲ್ಲಿ ಆ ಮಾತು ಕೇಳಿದ್ದೇ ತಡ, ಅವನು ಎದ್ದು ಹೊರಗೆ ಹೋಗಿ ಬೇವಿನ ಮರದಡಿ ನಿಂತುಬಿಟ್ಟ. ಅರ್ಧ ಗಂಟೆ ಕರೆದರೂ ಬರಲಿಲ್ಲ. ಕೊನೆಗೆ ಡಾಕ್ಟರು, "ಹೋಗಲಿ, ರಕ್ತನಾದರೂ ಕೊಡ್ತೀರಾ?" ಎಂದು ಹೇಳಿ ಕಳಿಸಿದರು. ರಕ್ತವೆಂದರೆ ಅವನಿಗೆ ಸಂಕೋಚವಿರಲಿಲ್ಲ. ಅಂಗಿಯ ತೋಳು ಮಡಿಸಿ, ಸೂಜಿ ಹೋಗುವಾಗ ಕಣ್ಣು ಮಿಟುಕಿಸದೆ ಕೂತು ಕೊಟ್ಟ. ಮೀನಾಕ್ಷಮ್ಮನ ರಕ್ತವನ್ನು ತಿಂಗಳ ಲೆಕ್ಕ ನೋಡಿ ಇಂಥದೇ ದಿನ ಬರಬೇಕೆಂದು ಹೇಳಿ ತೆಗೆದರು. ಎರಡನ್ನೂ ಬೆಂಗಳೂರಿಗೆ ಕಳಿಸಿದರು.

ರಿಪೋರ್ಟು ಬಂದಾಗ ಡಾಕ್ಟರು ಊರಲ್ಲಿರಲಿಲ್ಲ. ಸೋಮವಾರ ಇಬ್ಬರೂ ಬನ್ನಿ, ಡಾಕ್ಟರೇ ಹೇಳ್ತಾರೆ ಎಂದು ಕಾಂಪೌಂಡರು ಹೇಳಿದ. ಪರಮಶಿವಯ್ಯ ಲಕೋಟೆ ಈಸಿಕೊಂಡು ಬಸ್ ಸ್ಟ್ಯಾಂಡಿನಲ್ಲೇ ಒಡೆದ. ಇಂಗ್ಲಿಷು ಅವನಿಗೆ ಅಷ್ಟಕ್ಕಷ್ಟೆ, ಆದರೆ ಅಂಕಿ ಓದಲು ಇಂಗ್ಲಿಷು ಬೇಕಿಲ್ಲ. ಅವನ ಕಾಗದದಲ್ಲಿ ಎಫ್.ಎಸ್.ಎಚ್. ಎಂದು ಬರೆದು ಮುಂದೆ 48 ಎಂದಿತ್ತು. ಪಕ್ಕದಲ್ಲಿ, ನಾರ್ಮಲ್ 3ರಿಂದ 15. ಮೂರರಿಂದ ಹದಿನೈದು ಇದ್ದರೆ ಸಾಕಾಗಿದ್ದ ಕಡೆ ನಲವತ್ತೆಂಟು. ಸೋಮವಾರದ ತನಕ ಕಾಯುವುದಕ್ಕೆ ಅಲ್ಲಿ ಉಳಿದಿದ್ದೇನು?

ಅರ್ಥ ಹೇಳುವ ಕೆಲಸವನ್ನು ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ತೋಂಟದಾರ್ಯ ವಹಿಸಿಕೊಂಡರು. ಊರಿನಲ್ಲಿ ಅವರಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ. ಇದ್ದರೂ ಗೊತ್ತಿಲ್ಲ ಎನ್ನುವ ಅಭ್ಯಾಸ ಅವರಿಗಿರಲಿಲ್ಲ. ಸೊಸೈಟಿಯ ಜಗಲಿಯ ಮೇಲೆ ಕೂತು, ಕನ್ನಡಕ ಒರೆಸಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಎಚ್ ಅಂದ್ರೆ ಹಾರ್ಮೋನು. ಅದರಲ್ಲಿ ಅನುಮಾನ ಇಲ್ಲ" ಎಂದರು. ಆಮೇಲೆ ಸ್ವಲ್ಪ ಹೊತ್ತು ತಡೆದು, "ಎಫ್ ಅಂದ್ರೆ ಫಾದರ್. ಎಸ್ ಅಂದ್ರೆ ಸ್ಟ್ರೆಂತ್. ಫಾದರ್ ಸ್ಟ್ರೆಂತ್ ಹಾರ್ಮೋನ್. ತಂದೆಯಾಗೋ ಶಕ್ತಿ."

ಜಗಲಿಯ ಕೆಳಗೆ ನಿಂತಿದ್ದ ಏಳೆಂಟು ಜನ ಆ ಮಾತನ್ನು ಬಾಯೊಳಗೇ ಹೇಳಿಕೊಂಡರು.

"ಅವಳದು ಹದಿನಾಲ್ಕು ಮೇಷ್ಟ್ರೇ" ಎಂದ ಪರಮಶಿವಯ್ಯ.

"ಮೂವತ್ತೈದಕ್ಕೆ ಪಾಸು ಕಣಪ್ಪ" ಎಂದರು ಮೇಷ್ಟ್ರು. "ಯಾವ ಪರೀಕ್ಷೆನಾದ್ರೂ ತಗೋ."

ಅಲ್ಲಿಗೆ ಮುಗಿಯಿತು. ಗಂಡ ಪಾಸು, ಹೆಂಡತಿ ಫೇಲು.

ಮುಂದಿನ ವಾರಗಳಲ್ಲಿ ನಲವತ್ತೆಂಟು ಊರೂರು ಸುತ್ತಿತು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಪರಮಶಿವಯ್ಯ ಕಾಣಿಸಿಕೊಂಡರೆ ವ್ಯಾಪಾರ ನಿಲ್ಲಿಸಿ ಮಾತಾಡಿಸುವವರಾದರು. ಅಲ್ಲಿ ಎಲ್ಲರೂ ಹುಟ್ಟಿದಾಗಿನಿಂದ ಕೇಳಿದ್ದು ಒಂದೇ ಪಾಠ, ಅಂಕಿ ಏರಿದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು. ಏನು ತಿಂತೀರಿ ಎಂದು ಕೇಳಿದವರಿಗೆ ಅವನು ಮೊದಲು ನಕ್ಕು ಸುಮ್ಮನಾಗುತ್ತಿದ್ದ. ಆಮೇಲಾಮೇಲೆ ಬೆಳಿಗ್ಗೆ ಎದ್ದ ತಕ್ಷಣ ಒಂದು ಹೋಳು ಕೊಬ್ಬರಿ, ಒಂದು ಅಚ್ಚು ಬೆಲ್ಲ ಎಂದು ಹೇಳತೊಡಗಿದ. ಅವನು ನಿಜವಾಗಿ ತಿನ್ನುತ್ತಿದ್ದದ್ದು ರಾತ್ರಿ ಉಳಿದ, ಮಜ್ಜಿಗೆಗೆ ಕದಡಿದ ಮುದ್ದೆ. ಆದರೆ ಹೇಳಿದ ಮೇಲೆ ಮರ್ಯಾದೆಗೆ ಕೊಬ್ಬರಿ ಬೆಲ್ಲವನ್ನೂ ಶುರು ಮಾಡಿದ. ಹಲ್ಲು ನೋವು ಬಂತು. ಅದನ್ನು ಯಾರಿಗೂ ಹೇಳಲಿಲ್ಲ.

ರಿಪೋರ್ಟನ್ನು ಬ್ಯಾಂಕಿನ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ಸೋಮವಾರ ಬಂತು, ಹೋಯಿತು. ಡಾಕ್ಟರ ಹತ್ತಿರ ಹೋಗೋಣವೇ ಎಂದು ಮೀನಾಕ್ಷಮ್ಮ ಕೇಳಿದರೆ, "ಇನ್ನೇನು ಹೇಳ್ತಾರೆ ಅವ್ರು? ಎಲ್ಲಾ ಬರ್ದು ಕೊಟ್ಟವ್ರಲ್ಲ" ಎಂದ.

ಸಿದ್ದಗಂಗಮ್ಮನವರು ಮಾತ್ರ ಸುಮ್ಮನೆ ಖುಷಿಪಟ್ಟು ಕೂರುವವರಲ್ಲ. ದಬ್ಬೇಘಟ್ಟದಲ್ಲಿ ಅವರ ತಮ್ಮ ಬಸವರಾಜಪ್ಪನಿದ್ದ. ಅವನಿಗೆ ವಿಮಲ ಎಂಬ ಹತ್ತೊಂಬತ್ತು ವರ್ಷದ ಮಗಳಿದ್ದಳು. ಇಷ್ಟು ವರ್ಷ ಬಾಯಿಗೆ ಬಂದು ಗಂಟಲಲ್ಲೇ ಉಳಿದಿದ್ದ ಮಾತು ಈಗ ಸಲೀಸಾಗಿ ಹೊರಬಿತ್ತು. "ನಲವತ್ತೆಂಟು ಇಟ್ಕೊಂಡು ಸುಮ್ನೆ ಕೂರೋಕಾಗ್ತದಾ? ದೇವ್ರು ಕೊಟ್ಟಿದ್ದನ್ನ ಹಾಳು ಮಾಡ್ಬಾರ್ದು" ಎಂದರು ಮಗನಿಗೆ. ಸೊಸೆಗೆ, "ನೀನು ಈ ಮನೆಯ ದೊಡ್ಡ ಸೊಸೆ. ನಿನ್ನ ಜಾಗ ಎಲ್ಲೂ ಹೋಗಾಕಿಲ್ಲ. ಅವಳು ಬಂದು ಒಂದು ಹೆತ್ತು ನಿನ್ನ ಮಡಿಲಿಗೆ ಹಾಕ್ತಾಳೆ ಬುಡು" ಎಂದರು. ಕಷಾಯ ಮಾತ್ರ ನಿಲ್ಲಿಸಲಿಲ್ಲ.

ಪರಮಶಿವಯ್ಯ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕನ್ನಡಿಯ ಮುಂದೆ ಮೀಸೆ ಕತ್ತರಿಸಿಕೊಳ್ಳುವುದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಅದನ್ನು ನೋಡಿಯೇ ಮೀನಾಕ್ಷಮ್ಮನಿಗೆ ಅವನ ಉತ್ತರ ತಿಳಿಯಿತು.

ಅವಳು ತುರುವೇಕೆರೆಯಲ್ಲಿ ಎಸ್ಸೆಸ್ಸೆಲ್ಸಿ ತನಕ ಓದಿದವಳು. ಒಂದು ದಿನ ಗಂಡ ಸ್ನಾನಕ್ಕೆ ಹೋದಾಗ ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಿಂದ ಅವನ ಕಾಗದ ತೆಗೆದು, ತನ್ನದನ್ನೂ ಪಕ್ಕದಲ್ಲಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಮೊದಲು ಕಂಡದ್ದು, ಎರಡರ ಹೆಸರೇ ಬೇರೆ ಎಂಬುದು. ಅವನದು ಎಫ್.ಎಸ್.ಎಚ್.; ತನ್ನದು ಪ್ರೊಜೆಸ್ಟರಾನ್ ಎಂದು ಉದ್ದಕ್ಕಿತ್ತು. ಕನ್ನಡದ ಮಾರ್ಕ್ಸನ್ನೂ ಲೆಕ್ಕದ ಮಾರ್ಕ್ಸನ್ನೂ ಪಕ್ಕದಲ್ಲಿಟ್ಟು ಯಾರು ಜಾಣರೆಂದು ಹೇಳಿದ ಹಾಗಾಯಿತಲ್ಲ ಇದು ಎಂದುಕೊಂಡಳು. ಎರಡನೆಯದು, ತನ್ನ ಕಾಗದದಲ್ಲಿ ನಾರ್ಮಲ್ ಎಂದರೆ ಐದರಿಂದ ಇಪ್ಪತ್ತು. ಹದಿನಾಲ್ಕು ಅದರೊಳಗೇ ಕೂತಿತ್ತು. ಗಂಡನ ನಲವತ್ತೆಂಟು ಹದಿನೈದರ ಬೇಲಿ ದಾಟಿ ಎಷ್ಟೋ ಆಚೆ ನಿಂತಿತ್ತು.

ಜ್ವರ ನೋಡುವ ಕಡ್ಡಿಯಲ್ಲೂ ಗೆರೆ ದಾಟಿದರೆ ಯಾರೂ ಹಿಗ್ಗುವುದಿಲ್ಲ. ಅವಳು ಮೇಷ್ಟ್ರನ್ನು ಕೇಳಿ ನೋಡಿದಳು. "ನಾರ್ಮಲ್ ಅನ್ನೋದು ಸಾಮಾನ್ಯರಿಗೆ ಕಣಮ್ಮ" ಎಂದರು ತೋಂಟದಾರ್ಯ.

ಮರುದಿನ ಅವಳು ಕುಪ್ಪಸದ ಬಟ್ಟೆ ತರಬೇಕೆಂದು ಅತ್ತೆಗೆ ಹೇಳಿ, ಒಬ್ಬಳೇ ತಿಪಟೂರಿನ ಬಸ್ಸು ಹತ್ತಿದಳು. ನರ್ಸಿಂಗ್ ಹೋಮಿನಲ್ಲಿ ಬೆಂಚಿನ ಮೇಲೆ ಗಂಡಸರು ಸಾಲಾಗಿ ಕೂತಿದ್ದರು. ಹೆರಿಗೆ ಆಸ್ಪತ್ರೆಯಲ್ಲಿ ಇಷ್ಟು ಗಂಡಸರು ಯಾಕೆಂದು ಅವಳಿಗೆ ಅರ್ಥವಾಗಲಿಲ್ಲ. ಡಾಕ್ಟರ ಕೋಣೆಯೊಳಗೆ ಹೋದಾಗ ಅವರೇ ಕೇಳಿದರು.

"ನೀವು ಹೊನ್ನವಳ್ಳಿಯವರಲ್ವಾ? ಎರಡು ವಾರದಿಂದ ಗಂಡಸರು ಬಂದು ತೋಳು ಚಾಚ್ತಿದಾರೆ, ನಮ್ಮದೂ ಎಫ್.ಎಸ್.ಎಚ್. ನೋಡಿ ಅಂತ. ಮೂರು ಮಕ್ಕಳ ತಂದೆ ಒಬ್ಬರು, ತಮ್ಮ ಭಾವನಿಗಿಂತ ಜಾಸ್ತಿ ಬರಬೇಕು ಅಂತಾರೆ. ಏನಾಗಿದೆ ನಿಮ್ಮ ಕಡೆಯವರಿಗೆ?"

ಮೀನಾಕ್ಷಮ್ಮ ನಾಚಿಕೆಯಿಂದ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಫಾದರ್ ಸ್ಟ್ರೆಂತ್ ಎಂಬಲ್ಲಿಗೆ ಬಂದಾಗ ಡಾಕ್ಟರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ತಿರುಗಿ ನೋಡಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

"ನಿಮ್ಮ ತೋಟದಲ್ಲಿ ಕೆಲಸದವರನ್ನ ಕೂಗಿ ಕರೀತೀರಲ್ಲ. ಅವರು ಬಂದೆ ಅಂತ ಓಗೊಟ್ಟರೆ ಮತ್ತೆ ಕೂಗ್ತೀರಾ?"

"ಇಲ್ಲ."

"ಓಗೊಡದೇ ಇದ್ದರೆ?"

"ಇನ್ನೂ ಗಟ್ಟಿಯಾಗಿ ಕೂಗ್ತೀವಿ."

"ತಲೆಯೊಳಗೆ ಒಂದು ಪುಟ್ಟ ಗ್ರಂಥಿ ಇದೆ. ಬೀಜ ತಯಾರು ಮಾಡಿ ಅಂತ ಕೆಳಗೆ ಅಪ್ಪಣೆ ಕಳಿಸೋದು ಅದರ ಕೆಲಸ. ಆ ಅಪ್ಪಣೆಯೇ ಎಫ್.ಎಸ್.ಎಚ್. ಕೆಳಗೆ ಕೆಲಸ ನಡೀತಿದ್ದರೆ ಮೆತ್ತಗೆ ಹೇಳಿದರೆ ಸಾಕು, ಹದಿನೈದರೊಳಗೆ ಇರುತ್ತೆ. ಕೆಲಸ ನಿಂತುಹೋಗಿದ್ದರೆ ಅದು ಕೂಗ್ತಾನೇ ಇರುತ್ತೆ. ನಲವತ್ತೆಂಟು ಅಂದರೆ ಆ ಕೂಗು."

ಮೀನಾಕ್ಷಮ್ಮ, "ನಂದು ಹದಿನಾಲ್ಕು?" ಎಂದಳು.

"ನಿಮ್ಮದು ಬೇರೆಯೇ ಪರೀಕ್ಷೆ. ಸರಿಯಾಗಿದೆ. ಆ ತಿಂಗಳು ನಿಮ್ಮ ಒಡಲಲ್ಲಿ ಆಗಬೇಕಾದ ಕೆಲಸ ಆಗಿದೆ ಅಂತ ಅರ್ಥ. ಅವರದನ್ನ ಇನ್ನೊಂದು ಸಲ ನೋಡಬೇಕು, ಒಂದೇ ರಿಪೋರ್ಟಿನ ಮೇಲೆ ನಾನು ಷರಾ ಬರೆಯಲ್ಲ. ಆ ಇನ್ನೊಂದು ಪರೀಕ್ಷೆನೂ ಆಗಲೇಬೇಕು. ಅವರಿಗೆ ಚಿಕ್ಕ ವಯಸ್ಸಲ್ಲಿ ಮಂಗನಬಾವು ಬಂದಿತ್ತಾ? ಮೀಸೆ ಬರೋ ವಯಸ್ಸಲ್ಲಿ? ಕೆನ್ನೆ ಜೊತೆಗೆ ಕೆಳಗೂ ಊದಿಕೊಂಡಿತ್ತಾ?"

"ಗೊತ್ತಿಲ್ಲ."

"ಕೇಳಿ ನೋಡಿ. ಇನ್ನೊಂದು ಮಾತು. ಇದರಿಂದ ಅವರ ಗಂಡಸುತನಕ್ಕೇನೂ ಆಗಿಲ್ಲ. ನಿಮಗೇ ಗೊತ್ತಿರುತ್ತೆ. ಬೀಜ ಇಲ್ಲದೆ ಇರಬಹುದು, ಅಷ್ಟೆ. ಅವರಿಗೆ ಅದನ್ನ ಸಮಾಧಾನವಾಗಿ ಹೇಳಬೇಕು."

ಹೊರಗೆ ಬಂದು ಅವಳು ಸ್ವಲ್ಪ ಹೊತ್ತು ಬೇವಿನ ಮರದಡಿ ನಿಂತಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಹಸಿವಾಯಿತು. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಒಬ್ಬಳೇ ಮೇಜಿನ ಮುಂದೆ ಕೂತು ಮಸಾಲೆ ದೋಸೆ ತರಿಸಿಕೊಂಡಳು. ಚಟ್ನಿಯಲ್ಲಿ ಉಪ್ಪು ಸರಿಯಾಗಿತ್ತು. ಉಪ್ಪಿಲ್ಲದೆ ಉಂಡ ಆ ಒಂದು ವರ್ಷ ನೆನಪಾಗಿ ಇನ್ನೊಂದು ಸಲ ಚಟ್ನಿ ಹಾಕಿಸಿಕೊಂಡಳು. ಆಗ ಕಣ್ಣು ತುಂಬಿತು. ನೋಡಿದವರು ಮೆಣಸಿನಕಾಯಿ ಖಾರ ಎಂದುಕೊಳ್ಳಲಿ ಎಂದು ನೀರು ಕುಡಿದಳು.

ಸಂಜೆ ಗಂಡ ತೋಟದ ಬಾವಿಯ ಹತ್ತಿರ ಒಬ್ಬನೇ ಇದ್ದಾಗ ಹೋಗಿ ಹೇಳಿದಳು. ಡಾಕ್ಟರು ಹೇಳಿದ್ದನ್ನು, ಹೇಳಿದ ಹಾಗೆಯೇ. ಅವಳು ಮಂಗನಬಾವಿನ ಪ್ರಶ್ನೆಗೆ ಬರುವ ಮೊದಲೇ ಪರಮಶಿವಯ್ಯ ಕೈಯಲ್ಲಿದ್ದ ಗುದ್ದಲಿಯನ್ನು ನೆಲಕ್ಕೆ ಊರಿದ.

"ಬೆಂಗ್ಳೂರಿನೋರು ನಲವತ್ತೆಂಟು ಅಂತ ಕೊಟ್ಟವ್ರೆ. ಈಕೆ ಅದನ್ನ ಸೊನ್ನೆ ಅಂತಾಳೆ. ಯಾಕೆ ಗೊತ್ತಾ? ಅವತ್ತು ನಾನು ಆ ಪರೀಕ್ಷೆಗೆ ಒಪ್ಪಲಿಲ್ಲವಲ್ಲ, ಅದರ ಸಿಟ್ಟು."

"ಸಿಟ್ಟು ಅವರಿಗೇಕ್ರೀ?"

"ನಿನಗೆ ವಿಮಲ ಬರೋದು ಬೇಡ. ನೇರವಾಗಿ ಹೇಳು. ಅದಕ್ಕೆ ಡಾಕ್ಟ್ರನ್ಯಾಕೆ ಕರೀತೀಯಾ?"

ವಿಮಲ ಬರುವುದು ಬೇಡವೆಂಬುದು ನಿಜವೇ ಆಗಿತ್ತು. ಆದರೆ ಬರಬೇಡವೆನ್ನುವುದಕ್ಕೆ ಇಂದಿನ ಕಾರಣ ನಿನ್ನೆಯದಲ್ಲ. ನಿನ್ನೆ ಅವಳು ತನ್ನ ಜಾಗದ ಬಗ್ಗೆ ಯೋಚಿಸಿದ್ದಳು. ಇವತ್ತು, ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಅದೇ ಗಡಿಗೆಯಿಂದ ಅದೇ ಕಷಾಯ ಕುಡಿಯುವುದು ಕಣ್ಣ ಮುಂದೆ ಬಂತು.

ಭಾನುವಾರ ಬಸವರಾಜಪ್ಪ ದಬ್ಬೇಘಟ್ಟದಿಂದ ಬಾಳೆಗೊನೆ ಹೊತ್ತುಕೊಂಡು ಬಂದ. ಮಾತು ಮುಗಿಸಿ ಎಲೆ ಅಡಿಕೆ ಬದಲಾಯಿಸಿಕೊಳ್ಳುವುದೆಂದು ನಿಶ್ಚಯವಾಗಿತ್ತು. ತೋಂಟದಾರ್ಯ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಮೀನಾಕ್ಷಮ್ಮನ ಹೆಸರಿನಲ್ಲಿ ತಾವೇ ಬರೆದ ಒಪ್ಪಿಗೆ ಪತ್ರವನ್ನು ಓದಿದರು. "ನನಗೆ ಹದಿನಾಲ್ಕು ಮಾತ್ರ ಬಂದಿರುವುದರಿಂದಲೂ, ನನ್ನ ಯಜಮಾನರಿಗೆ ನಲವತ್ತೆಂಟು ಬಂದಿರುವುದರಿಂದಲೂ, ಸದರಿಯವರು ಎರಡನೇ ಲಗ್ನವಾಗುವುದಕ್ಕೆ ನನ್ನದೇನೂ ತಕರಾರು ಇರುವುದಿಲ್ಲ." ಕಾನೂನು ಇದನ್ನು ಒಪ್ಪುವುದಿಲ್ಲವೆಂದು ಯಾರೋ ಹೇಳಿದ್ದರಂತೆ; ಆದರೆ ಅಂಕಿ ಅಂಶ ಇರುವ ಪತ್ರವನ್ನು ಕಾನೂನು ತಳ್ಳಿಹಾಕಲಾರದು ಎಂಬುದು ಮೇಷ್ಟ್ರ ಅಭಿಪ್ರಾಯ.

ಬಸವರಾಜಪ್ಪ ಕಾಲು ತೊಳೆಯಲು ಹಿತ್ತಿಲಿಗೆ ಹೋದ. ಮೇಷ್ಟ್ರು ಪೆನ್ನಿಗೆ ಇಂಕು ಸಾಲದೆಂದು ಮನೆಗೆ ಓಡಿದರು. ನಡುಮನೆಯಲ್ಲಿ ತಾಯಿ, ಮಗ, ಸೊಸೆ ಮೂವರೇ ಉಳಿದರು. ಸಿದ್ದಗಂಗಮ್ಮ ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದರು.

"ಅತ್ತೆ, ಒಂದು ಮಾತು ಕೇಳ್ತೀನಿ. ನಿಜ ಹೇಳಿದ್ರೆ ಸೈನು ಹಾಕ್ತೀನಿ" ಎಂದಳು ಮೀನಾಕ್ಷಮ್ಮ. "ಇವರಿಗೆ ಮೀಸೆ ಬರೋ ವಯಸ್ಸಲ್ಲಿ ಮಂಗನಬಾವು ಬಂದಿತ್ತಾ?"

ಅಡಕತ್ತರಿ ನಿಂತಿತು.

"ಯಾರಿಗೆ ಬರಾಕಿಲ್ಲ ಅದು" ಎಂದರು ಸಿದ್ದಗಂಗಮ್ಮ.

"ಕೆಳಗೂ ಊದಿತ್ತಾ?"

ಪರಮಶಿವಯ್ಯ ಅವ್ವನ ಮುಖ ನೋಡಿದ. ಅವನಿಗೇ ನೆನಪಿತ್ತು. ಹದಿನಾರನೇ ವಯಸ್ಸು, ಹತ್ತು ದಿನದ ಜ್ವರ, ನಡೆಯಲಾಗದೆ ಚಾಪೆಯ ಮೇಲೆ ಬಿದ್ದಿದ್ದದ್ದು, ನಾಚಿಕೆಯಿಂದ ಗೆಳೆಯರಿಗೆ ಕಾಲಿಗೆ ಮುಳ್ಳು ಹೊಕ್ಕಿದೆ ಎಂದದ್ದು. ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಅವ್ವನಿಗೆ ಹೊಳೆದಿತ್ತೇ ಎಂಬುದಷ್ಟೇ ಈಗ ಅವನ ಪ್ರಶ್ನೆ.

"ಹೇಳವ್ವ."

ಸಿದ್ದಗಂಗಮ್ಮನವರು ಮಡಿಲಿನ ಅಡಿಕೆ ಚೂರುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿದರು. "ಆಗ ನೋಡಾಕೆ ಬಂದಿದ್ದ ಪಂಡಿತ್ರು ಹೇಳಿದ್ರು. ಮುಂದೆ ಇವನಿಗೆ ಮಕ್ಳಾಗೋದು ಅನುಮಾನ, ಮದ್ವೆ ಮಾಡೋ ಮೊದ್ಲು ಯೋಚ್ನೆ ಮಾಡವ್ವ ಅಂತ. ನಿಮ್ಮಪ್ಪಂಗೂ ನಾನು ಹೇಳಲಿಲ್ಲ."

"ಹನ್ನೆರಡು ವರ್ಷ ನಂಗೆ ಕಷಾಯ ಕುಡಿಸಿದ್ರಲ್ಲ ಅತ್ತೆ."

"ಕುಡಿಸಿದೆ. ಅವ್ರು ಹೇಳಿದ್ದು ಸುಳ್ಳಾಗ್ಲಿ ಅಂತ ಕುಡಿಸಿದೆ ಕಣೇ. ನಲವತ್ತೆಂಟು ಬಂದಾಗ ಸುಳ್ಳಾಯ್ತು ಅಂದ್ಕೊಂಡಿದ್ದೆ. ನಿಂದೇ ತಪ್ಪಾಗಿದ್ರೆ ಔಷ್ದಿ ಇತ್ತು. ಅವನದಾಗಿದ್ರೆ ಔಷ್ದಿ ಎಲ್ಲಿತ್ತು?"

ಇಷ್ಟು ಹೇಳಿ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೀನಾಕ್ಷಮ್ಮನಿಗೆ ಸಿಟ್ಟು ಬರಬೇಕಾಗಿತ್ತು. ಬಂತು ಕೂಡ. ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ನೋಡಿದರೆ ಎದುರಿಗೆ ಇದ್ದದ್ದು ಮುದುಕಿಯೊಬ್ಬಳು, ಗೋಡೆಗೆ ಆತುಕೊಂಡು ನಿಂತ ಗಂಡನೊಬ್ಬ. ಅವನ ಜೇಬಿನಲ್ಲಿ ಪ್ಲಾಸ್ಟಿಕ್ ಕವರು ಅರ್ಧ ಹೊರಗೆ ಕಾಣುತ್ತಿತ್ತು. ಅವನು ಅದನ್ನು ಬೆರಳಿನಿಂದ ಒಳಕ್ಕೆ ತಳ್ಳಿದ.

ಬಸವರಾಜಪ್ಪ ಒಳಗೆ ಬಂದಾಗ, "ಮಾವ, ಇದು ಬೇಡ. ವಿಮಲಂಗೆ ಬೇರೆ ಕಡೆ ನೋಡಿ" ಎಂದು ಪರಮಶಿವಯ್ಯನೇ ಹೇಳಿದ. ಕಾರಣ ಹೇಳಲಿಲ್ಲ. ಬಸವರಾಜಪ್ಪನಿಗೆ ಕಾರಣ ಬೇಕಿತ್ತು. ಬಾಳೆಗೊನೆ ಹೊತ್ತುಕೊಂಡು ಬಂದವನಿಗೆ ಅಷ್ಟಾದರೂ ಬೇಕು. ಇಂಕು ತುಂಬಿಸಿಕೊಂಡು ಬಂದ ಮೇಷ್ಟ್ರು ಬಾಗಿಲಲ್ಲೇ ಪರಿಸ್ಥಿತಿಯನ್ನು ನೋಡಿ, ತಮ್ಮ ಬುದ್ಧಿಗೆ ತೋಚಿದ್ದನ್ನು ಅರ್ಥ ಮಾಡಿಕೊಂಡರು. ಬಸವರಾಜಪ್ಪನನ್ನು ಜಗಲಿಗೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು.

"ಅವರ ಮನಸ್ಸು ದೊಡ್ಡದು ಕಣ್ರೀ. ನಲವತ್ತೆಂಟು ಅಂದ್ರೆ ಸಾಮಾನ್ಯ ಅಲ್ಲ. ಹತ್ತೊಂಬತ್ತರ ಹುಡುಗಿ ತಡ್ಕೊಳ್ಳೋದು ಕಷ್ಟ. ಅದನ್ನ ಯೋಚ್ನೆ ಮಾಡಿ ಬೇಡ ಅಂದವ್ರೆ."

ಬಸವರಾಜಪ್ಪ ಗಾಬರಿಯಿಂದ ಒಳಗೆ ಬಗ್ಗಿ ನೋಡಿ, ಊಟಕ್ಕೂ ನಿಲ್ಲದೆ ದಬ್ಬೇಘಟ್ಟಕ್ಕೆ ಹೊರಟ. ವಿಮಲ ಮುಂದಿನ ವರ್ಷ ಗುಬ್ಬಿಯ ಕಡೆಯ ಬ್ಯಾಂಕ್ ಗುಮಾಸ್ತನನ್ನು ಮದುವೆಯಾದಳು. ಗೊನೆ ಮಾತ್ರ ಇಲ್ಲೇ ಉಳಿಯಿತು. ಒಂದು ವಾರ ಮನೆಯವರೆಲ್ಲ ಮಾತಿಲ್ಲದೆ ಬಾಳೆಹಣ್ಣು ತಿಂದರು.

ಎಂಟನೇ ದಿನ ಪರಮಶಿವಯ್ಯ ಯಾರಿಗೂ ಹೇಳದೆ ತಿಪಟೂರಿಗೆ ಹೋದ. ಮತ್ತೆ ರಕ್ತ ಕೊಟ್ಟ, ಆ ಇನ್ನೊಂದು ಪರೀಕ್ಷೆಗೂ ಒಪ್ಪಿಕೊಂಡ. ಎರಡು ವಾರ ಬಿಟ್ಟು ಇಬ್ಬರೂ ಜೊತೆಯಲ್ಲಿ ಹೋದರು. ಈ ಸಲ ಐವತ್ತೊಂದು ಬಂದಿತ್ತು. ಇನ್ನೊಂದರಲ್ಲಿ ಏನೂ ಇರಲಿಲ್ಲ. ಡಾಕ್ಟರು ಒಂದು ಗಂಟೆ ಕೂರಿಸಿಕೊಂಡು ಮಾತಾಡಿದರು. ಅವನು ಒಂದೇ ಒಂದು ಪ್ರಶ್ನೆ ಕೇಳಿದ. "ಇಳಿಸೋಕೆ ಏನಾದ್ರೂ ಔಷ್ದಿ?" ಇಲ್ಲ ಎಂದರು ಡಾಕ್ಟರು. ನಂಬರನ್ನು ಇಳಿಸಿದರೂ ಕೆಲಸ ಶುರುವಾಗುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಯಾರೋ ಹಿಂದಿನ ಸೀಟಿನಿಂದ, "ಈ ಸಲ ಎಷ್ಟು ಬಂತು ಪರಮಶಿವಯ್ಯನೋರೇ?" ಎಂದು ಕೂಗಿ ಕೇಳಿದರು. ಅವನು ಕೇಳಿಸದವನಂತೆ ಕಿಟಕಿಯಾಚೆ ನೋಡಿದ. ಮನೆ ಮುಟ್ಟಿ ಚಪ್ಪಲಿ ಬಿಡುವಾಗ, ಹೆಂಡತಿಯ ಕಡೆ ನೋಡದೆ, "ಆ ಕಷಾಯ ಭಾಳ ಕಹಿ ಇರ್ತಿತ್ತಾ?" ಎಂದ.

"ಹೂಂ."

"ನಾನೇ ತಂದು ಕೊಡ್ತಿದ್ನಲ್ಲ."

"ಹೂಂ."

ಸಿದ್ದಗಂಗಮ್ಮ ಅವತ್ತೇ ಗಡಿಗೆಯನ್ನು ತಿಪ್ಪೆಗೆ ಎಸೆದು ಬಂದರು. ಸೊಸೆಯ ಮುಂದೆ ಕೂತು ಉಣ್ಣಲು ಅವರಿಗೆ ಬಹಳ ದಿನ ಆಗಲಿಲ್ಲ. ತಟ್ಟೆ ಎತ್ತಿಕೊಂಡು ಕೊಟ್ಟಿಗೆಯ ಕಡೆ ಹೋಗುತ್ತಿದ್ದರು. ಮೀನಾಕ್ಷಮ್ಮ ಒಂದು ತಿಂಗಳು ಹಾಗೇ ಬಿಟ್ಟಳು. ಆಮೇಲೆ ಒಂದು ದಿನ, "ಇಲ್ಲೇ ಕೂತ್ಕೊಳ್ಳಿ ಅತ್ತೆ, ಸಾರು ಆರೋಗ್ತದೆ" ಎಂದಳು.

ಮನೆಯೊಳಗೆ ಹೀಗಾದರೆ, ಊರು ತನ್ನ ಪಾಡಿಗೆ ತಾನಿತ್ತು. ಹುಡುಗಿಯ ಮೇಲಿನ ಕರುಣೆಯಿಂದ ಎರಡನೇ ಮದುವೆ ಬೇಡವೆಂದ ಗಂಡಸು ಎಂದು ಪರಮಶಿವಯ್ಯನ ಹೆಸರು ಮೊದಲಿಗಿಂತ ದೊಡ್ಡದಾಯಿತು. ಅವನು ತಲೆ ತಗ್ಗಿಸಿದರೆ ವಿನಯ ಎಂದರು. ಮಂಡಿಗೆ ಹೋಗುವುದು ಬಿಟ್ಟರೆ ವೈರಾಗ್ಯ ಎಂದರು. ಮೇಷ್ಟ್ರು ಎಂಟನೇ ಕ್ಲಾಸಿಗೆ ಹಾರ್ಮೋನುಗಳ ಪಾಠ ಮಾಡುವಾಗ ಊರಿನ ಉದಾಹರಣೆ ಕೊಟ್ಟರಂತೆ.

ಮಾಘ ಕಳೆದ ಮೇಲೆ ಒಂದು ಮಧ್ಯಾಹ್ನ ತುರುವೇಕೆರೆಯ ಕಡೆಯಿಂದ ಮರುಳಪ್ಪ ಎಂಬ ಮೂವತ್ತರ ಆಸುಪಾಸಿನವನೊಬ್ಬ ಹುಡುಕಿಕೊಂಡು ಬಂದ. ಎರಡು ಎಳನೀರು ಗೊಂಚಲು ಜಗಲಿಯ ಮೇಲಿಟ್ಟು, ಕೈಮುಗಿದು ನಿಂತ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಹೆಂಡತಿಯನ್ನು ಕಿಬ್ಬನಹಳ್ಳಿಯ ತವರಿಗೆ ಕಳಿಸಿ ನಾಲ್ಕು ತಿಂಗಳು. ಬೇರೆ ಹುಡುಗಿ ನೋಡಿಯಾಗಿದೆ.

"ಅದಕ್ಕೆ ಮುಂಚೆ ನನ್ನ ನಂಬರೂ ಒಸಿ ಏರಿಸ್ಕೊಳ್ಳೋಣ ಅಂತ ಬಂದೆ ಸ್ವಾಮಿ. ದಿನಕ್ಕೆ ಎಷ್ಟು ಕೊಬ್ರಿ ತಿನ್ಬೇಕು?"

ಮೀನಾಕ್ಷಮ್ಮ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಗಂಡ ಏನೋ ಒಂದು ಹೇಳಿ ಕಳಿಸಿಬಿಡುತ್ತಾನೆ ಎಂದುಕೊಂಡಳು. ಇದುವರೆಗೆ ಬಂದವರನ್ನೆಲ್ಲ ಹಾಗೇ ಕಳಿಸಿದ್ದ. ಪರಮಶಿವಯ್ಯ ಎಳನೀರಿನ ಗೊಂಚಲುಗಳನ್ನು ಪಕ್ಕಕ್ಕೆ ಸರಿಸಿ ಜಗಲಿಯ ಮೇಲೆ ಜಾಗ ಮಾಡಿದ.

"ಕೂತ್ಕೊಳಪ್ಪ" ಎಂದ. "ನನಗೆ ಮಕ್ಳಾಗಾಕಿಲ್ಲ."

"ಹೌದು ಸ್ವಾಮಿ, ಕೇಳಿವ್ನಿ. ನಿಮ್ಮ ಮನೆಯೋರ್ದು ಹದಿನಾಲ್ಕೇ ಅಂತೆ."

"ಅವಳದು ಸರಿಯಾಗೈತೆ. ನಂದೇ ಇಲ್ಲ. ಆ ನಂಬರು ಏರಿರೋದೇ ಅದಕ್ಕೆ. ನನ್ನಲ್ಲಿ ಬೀಜ ಇಲ್ಲ ಅಂತ ಅದರ ಅರ್ಥ."

ಮರುಳಪ್ಪ ನಕ್ಕ. ದೊಡ್ಡವರು ತಮಾಷೆ ಮಾಡಿದಾಗ ನಗಬೇಕಾದಷ್ಟು ನಕ್ಕ. ಎದುರಿಗಿದ್ದವನು ನಗದೇ ಇದ್ದದ್ದನ್ನು ನೋಡಿ ನಿಲ್ಲಿಸಿದ.

"ಹಂಗಾದ್ರೆ ನಂಗೆ ಎಷ್ಟು ಬರ್ಬೇಕು?"

"ಹದಿನೈದರೊಳಗೆ."

"ನಿಮಗಿಂತ ಕಮ್ಮಿನಾ?" ಅವನ ಮುಖ ಸಪ್ಪಗಾಯಿತು. ಇಷ್ಟು ದೂರ ಬಂದದ್ದು ಕಡಿಮೆ ಮಾಡಿಸಿಕೊಳ್ಳುವುದಕ್ಕಾ ಎಂಬಂತೆ. ಆಮೇಲೆ ನಿಧಾನವಾಗಿ, "ಅವಳದ್ದೇ ತಪ್ಪು ಅಂತ ನಮ್ಮವ್ವ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ.

"ನಿಂದೋ ಅವಳದೋ ನಂಗೆ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ನಿಮ್ಮವ್ವಂಗಂತೂ ಗೊತ್ತಿರಾಕಿಲ್ಲ" ಎಂದ ಪರಮಶಿವಯ್ಯ. "ಇಬ್ರೂ ಜೊತೇಲಿ ಹೋಗಿ ಆ ಡಾಕ್ಟ್ರನ್ನ ನೋಡಿ. ಆಯಮ್ಮ ಮೊದ್ಲು ಏನು ಪರೀಕ್ಷೆ ಹೇಳ್ತಾರೋ ಅದನ್ನ ಮೊದ್ಲು ಮಾಡಿಸ್ಕೋ. ನಾಚಿಕೆ ಅಂತ ಎದ್ದು ಓಡಬೇಡ. ನಾನು ಓಡಿದ್ದೆ. ಲಕೋಟೆನ ನೀನೇ ಒಡೀಬೇಡ."

ಮೀನಾಕ್ಷಮ್ಮ ಎರಡು ಲೋಟ ಮಜ್ಜಿಗೆ ತಂದಿಟ್ಟಳು. ಗಂಡನ ಲೋಟ ಕೊಡುವಾಗ ಅವನ ಮುಖ ನೋಡಿದಳು, ಅವನೂ ನೋಡಿದ. ಮರುಳಪ್ಪ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಟವೆಲಿನಲ್ಲಿ ಬಾಯಿ ಒರೆಸಿಕೊಂಡ. ನಂಬಿದನೋ, ಮೇಷ್ಟ್ರ ಹತ್ತಿರ ಇನ್ನೊಂದು ಸಲ ಕೇಳಿಕೊಂಡು ಹೋಗುತ್ತಾನೋ ಹೇಳುವಂತಿರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡವನು ತಿರುಗಿ ನಿಂತು ಮೀನಾಕ್ಷಮ್ಮನನ್ನು ಕೇಳಿದ.

"ಅಮ್ಮಾ, ಕತ್ತಲಾಗೋದ್ರೊಳಗೆ ಕಿಬ್ಬನಹಳ್ಳಿ ಮುಟ್ಟಬೇಕಾದ್ರೆ ಯಾವ ಬಸ್ಸಿಗೆ ಹೋಗ್ಬೇಕು?"

"ಮೂರೂವರೆಯದು ಸಿಕ್ರೆ ತಿಪಟೂರಲ್ಲಿ ಇಳ್ದು ಬೇರೆ ಹಿಡೀಬಹುದು" ಎಂದಳು ಅವಳು. "ಜೋರಾಗಿ ನಡೀರಿ, ಸಿಗ್ತದೆ."